ವಿಮಾನದ ಮೂತಿ

ಸಂಸಾರ ನಂಜನಗೂಡಿನಲ್ಲಿ, ಕೆಲಸ ತಿರುಮಕೂಡಲು ನರಸೀಪುರದಲ್ಲಿ, ಕೈಯಲ್ಲಿ ಯಾವಾಗಲೂ ಒಂದು ವಿಮಾನದ ಮೂತಿ. ಹೀಗೆ ಓಡಾಡುವವನಿಗೆ ಇಂಥದ್ದೆಲ್ಲ ಆಗದೆ ಇರುತ್ತದೆಯೇ? ಆಗುತ್ತಲೇ ಇತ್ತು. ಜನ ನೋಡಿ ನಕ್ಕರು, ಹೆದರಿದರು, ಕೆಲವರು ಎರಡನ್ನೂ ಒಟ್ಟಿಗೇ ಮಾಡಿದರು. ನಾನೂ ಅಷ್ಟೇ.

ಮೊದಲು ಮೂತಿ ಅಂದರೇನು ಹೇಳಿಬಿಡುತ್ತೇನೆ. ನಾನು ವಾಯುಪಡೆಯಲ್ಲಿ ವಿಮಾನಗಳ ತಗಡಿನ ಕೆಲಸ ಮಾಡುತ್ತಿದ್ದವನು. ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ಅಲ್ಲಿಂದ ಬಿಡುಗಡೆಯಾಗಿ ಬಂದು ನರಸೀಪುರದ ಒಂದು ಐಟಿಐಯಲ್ಲಿ ಶೀಟ್ ಮೆಟಲ್ ಮೇಷ್ಟ್ರಾದೆ. ಕೈ ಸುಮ್ಮನಿರಲಿಲ್ಲ. ಮನೆಯಲ್ಲೇ ಕೂತು ಒಂದು ಹಳೇ ಕಾಲದ ವಿಮಾನದ ಮಾದರಿ ಕಟ್ಟಲು ಹೊರಟೆ. ರೆಕ್ಕೆಯ ಮೇಲೊಂದು ರೆಕ್ಕೆ ಇರುತ್ತದಲ್ಲ, ಆ ಜಾತಿಯದು. ಅದರ ಮುಂದುಗಡೆ ಎಂಜಿನ್ ಸುತ್ತ ಒಂದು ದುಂಡನೆಯ ತಗಡಿನ ಹೊದಿಕೆ ಇರುತ್ತದೆ. ನಾವು ಅದಕ್ಕೆ ಕೌಲಿಂಗ್ ಅನ್ನುತ್ತಿದ್ದೆವು. ನನ್ನ ಹೆಂಡತಿ ಮೂತಿ ಅಂದಳು. ಅದೇ ನಿಂತಿತು.

ಆ ಕಾಲದ ಎಂಜಿನ್ನುಗಳು ಹರಳೆಣ್ಣೆ ಕುಡಿದು ಹರಳೆಣ್ಣೆಯನ್ನೇ ಉಗುಳುತ್ತಿದ್ದವು. ಉಗುಳಿದ್ದು ಹಾರಿಸುವವನ ಮುಖಕ್ಕೆ ರಾಚದಿರಲಿ ಅಂತ ಈ ಹೊದಿಕೆ. ಎಣ್ಣೆ ಕೆಳಗೆ ಸೋರಿಹೋಗಲಿ ಅಂತ ಅದರ ಗಲ್ಲದ ಹತ್ತಿರ ಒಂದು ಅಗಲವಾದ ಸೀಳು. ಆ ದುಂಡು, ಆ ಸೀಳು, ಎರಡೂ ಮೂಲದಲ್ಲಿದ್ದ ಹಾಗೇ ಇರಬೇಕು. ಒಂದು ಕೂದಲೆಳೆ ಹೆಚ್ಚುಕಮ್ಮಿಯಾದರೂ ವಿಮಾನ ಬೇರೆ ಯಾರದೋ ತಲೆ ಹೊತ್ತುಕೊಂಡು ನಿಂತ ಹಾಗೆ ಕಾಣುತ್ತದೆ. ರೆಕ್ಕೆ, ಬಾಲ, ಚಕ್ರ ಎಲ್ಲ ಬೇಗ ಮುಗಿದವು. ಮೂತಿ ಮಾತ್ರ ವರ್ಷಗಟ್ಟಲೆ ತಿಂದಿತು.

ಅಜ್ಜಿ ಬಾಯಿ ತೆರೆದದ್ದು

ನನ್ನ ಹತ್ತಿರ ಇದ್ದದ್ದು ಆ ವಿಮಾನದ ಒಂದೇ ಒಂದು ಫೋಟೋ, ಅದೂ ಪಕ್ಕದಿಂದ ತೆಗೆದದ್ದು. ಎದುರಿನಿಂದ ಮೂತಿ ಹೇಗಿತ್ತು, ಸೀಳು ಎಷ್ಟಗಲ, ಒಂದೂ ಗೊತ್ತಾಗುತ್ತಿರಲಿಲ್ಲ. ನಮ್ಮ ಐಟಿಐಯಲ್ಲಿ ಫಿಟ್ಟರ್ ವಿಭಾಗದ ಮೇಷ್ಟ್ರೊಬ್ಬರಿದ್ದರು, ನನ್ನ ಎಲ್ಲಾ ಹುಚ್ಚಿಗೂ ಜೊತೆಗಾರರು. ಅವರು ಒಂದು ದಿನ, "ನಮ್ಮ ಹೆಂಡ್ತಿ ಅಜ್ಜಿ ಸೋಮನಾಥಪುರದ ಹತ್ರ ಅವ್ರೆ ಕಣ್ರೀ. ಅವರು ಚಿಕ್ಕೋರಾಗಿದ್ದಾಗ ಇಂಥದ್ದೇ ಒಂದು ವಿಮಾನ ಅವರ ಹೊಲದಲ್ಲಿ ಇಳಿದಿತ್ತಂತೆ. ಕೇಳ್ಕೊಂಡು ಬರೋಣ ನಡೀರಿ" ಅಂದರು.

ಭಾನುವಾರ ಮಧ್ಯಾಹ್ನ ಹೋದೆವು. ಹೊರಗೆ ಬಿಸಿಲು ಸುರಿಯುತ್ತಿದ್ದರೂ ಆ ಮನೆಯೊಳಗೆ ಕತ್ತಲು. ಅಜ್ಜಿ ಕಂಬಕ್ಕೆ ಒರಗಿ ಕೂತಿದ್ದರು. ಎರಡೂ ಕಣ್ಣಿಗೆ ಪೊರೆ ಬಂದು ಬೆಳ್ಳಗಾಗಿದ್ದವು. ಆದರೂ ಆ ಕಣ್ಣುಗಳು ನನ್ನ ಹಿಂದೆ ನಿಂತಿರುವ ಯಾರನ್ನೋ ನೋಡುತ್ತಿವೆ ಅನ್ನಿಸುತ್ತಿತ್ತು. ನಾನು ಎರಡು ಸಲ ತಿರುಗಿ ನೋಡಿದೆ. ಗೋಡೆ ಇತ್ತು.

"ಮೋಡದೊಳಗಿಂದ ಬಂತು ಕಣಪ್ಪ" ಅಂದರು ಅಜ್ಜಿ. "ಬರ್ತಾ ಬರ್ತಾ ಸದ್ದು ನಿಂತೋಯ್ತು. ನೋಡುದ್ರೆ ನಮ್ ಜ್ವಾಳದ ಒಲದಾಗೆ ಕುಂತದೆ. ಒಳಗೆ ಯಾರೂ ಇರ್ನಿಲ್ಲ."

"ಹಾರಿಸೋನು ಇದ್ದಿರಬೇಕಲ್ಲ ಅಜ್ಜಿ?"

"ಇರ್ನಿಲ್ಲ ಅಂದ್ನಲ್ಲ."

ಫಿಟ್ಟರ್ ಮೇಷ್ಟ್ರು ನನ್ನ ಕಿವಿಯಲ್ಲಿ, "ನೀರು ಹುಡುಕ್ಕೊಂಡು ಹೋಗಿದ್ದ ಅನ್ಸುತ್ತೆ" ಅಂದರು. ಆದರೆ ಅವರ ದನಿಯಲ್ಲಿ ಗಟ್ಟಿತನವಿರಲಿಲ್ಲ.

"ನಾನು ಅತ್ರ ಓದೆ. ಬಾಯಿ ತಕ್ಕೊಂಡು, ಎಣ್ಣೆ ಸುರುಸ್ಕೊಂಡು ಬುಸ್ ಬುಸ್ ಅಂತ ಉಸುರು ಬುಡ್ತಿತ್ತು. ಪಾಪ ಅಂತ ಒಂದು ಇಡಿ ಉಲ್ಲು ಕೊಟ್ಟೆ. ತಿನ್ನಿಲ್ಲ."

"ಬಾಯಿ ಎಷ್ಟಗಲ ಇತ್ತು ಅಜ್ಜಿ?"

"ಇಂಗೆ" ಅಂತ ಅಜ್ಜಿ ತಮ್ಮ ಬಾಯಿ ತೆರೆದರು.

ಒಂದು ಹಲ್ಲಿಲ್ಲ. ದುಂಡಗೆ, ಕಪ್ಪಗೆ, ಆಳವಾಗಿ ತೆರೆದುಕೊಂಡ ಬಾಯಿ. ಕೆಳತುಟಿ ಎರಡೂ ಕಡೆ ಇಳಿದು ಸೀಳಿನ ಹಾಗೇ ನಿಂತಿತು. ಫೋಟೋದಲ್ಲಿ ಕಾಣದೆ ಇದ್ದ ಭಾಗ ಇದೇ! ಚೀಲದಿಂದ ಡಿವೈಡರ್ ತೆಗೆದು ಅಜ್ಜಿಯ ತುಟಿಯ ಆ ತುದಿಯಿಂದ ಈ ತುದಿಗೆ ಹಿಡಿದು ಅಳೆದೆ. ಅಳತೆ ಕೂಗಿ ಹೇಳಿದೆ, ಫಿಟ್ಟರ್ ಮೇಷ್ಟ್ರು ಅಂಗೈ ಮೇಲೆ ಪೆನ್ನಿನಲ್ಲಿ ಗೀಚಿಕೊಂಡರು. ಮುಗಿಯಿತು ಅಜ್ಜಿ ಅಂದೆ. ಅಜ್ಜಿ ಬಾಯಿ ಮುಚ್ಚಲಿಲ್ಲ. ಕಣ್ಣೂ ಅಲುಗಲಿಲ್ಲ. ಆ ಕಪ್ಪು ಗುಂಡಿಯಿಂದ ತಣ್ಣನೆಯ ಗಾಳಿ ಬಂದು ನನ್ನ ಕೈಗೆ ತಗುಲಿತು, ಜೊತೆಗೆ ಹರಳೆಣ್ಣೆ ವಾಸನೆ. ಅಜ್ಜಿ ಆವತ್ತು ತಲೆಗೆ ಹರಳೆಣ್ಣೆ ಒತ್ತಿಕೊಂಡಿದ್ದರು ಅಂತ ನನಗೆ ಆಮೇಲೆ ಗೊತ್ತಾದದ್ದು. ಆ ಗಳಿಗೆಯಲ್ಲಿ ಮಾತ್ರ ನಾನೂ ಫಿಟ್ಟರ್ ಮೇಷ್ಟ್ರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಹಿಂದಕ್ಕೆ ಸರಿದೆವು.

ಹಿಂದೆ ಯಾರಿಗೋ ಬೆನ್ನು ತಾಕಿತು. ತಿರುಗಿದರೆ ಬಾಗಿಲಿನಿಂದ ಬೀದಿಯವರೆಗೆ ಜನ ಸಾಲಾಗಿ ನಿಂತಿದ್ದಾರೆ. ಒಬ್ಬರೂ ಮಾತಾಡುತ್ತಿಲ್ಲ. ಎಲ್ಲರೂ ಬಾಯಿ ತೆರೆದುಕೊಂಡಿದ್ದಾರೆ.

ನನ್ನ ಜೀವ ಹಾರಿಹೋಯಿತು. ಆಗ ಸಾಲಿನ ಮೊದಲಲ್ಲಿದ್ದವನು ಕೆನ್ನೆ ಹಿಡಿದುಕೊಂಡು, "ನಮ್ದೂ ಒಸಿ ನೋಡ್ಬುಡಿ ಡಾಕ್ಟ್ರೇ. ಅಜ್ಜಿ ಬಾಯಲ್ಲಿ ಒಂದು ಅಲ್ಲೂ ಇಲ್ಲ, ಅವ್ರನ್ನ ಅಷ್ಟೊತ್ತು ನೋಡುದ್ರಿ. ನಂಗೆ ಎರಡು ಮೂರಾದ್ರೂ ಅವೆ" ಅಂದ.

ಕಣ್ಣು ಬಿಟ್ಟದ್ದು

ಅಜ್ಜಿಯ ಅಳತೆಯ ಪ್ರಕಾರ ಮರದ ಅಚ್ಚು ಮಾಡಿಕೊಂಡೆ. ಅಲ್ಯೂಮಿನಿಯಂ ತಗಡಿಗೆ ಸೋಪು ಸವರಿ, ಸೋಪು ಕಪ್ಪಾಗುವ ತನಕ ಕಾಯಿಸಿದರೆ ತಗಡು ಮೆತ್ತಗಾಗುತ್ತದೆ. ಆಮೇಲೆ ಅಚ್ಚಿನ ಮೇಲೆ ಬಡಿಯಬೇಕು. ನಾನು ಬಡಿದದ್ದೆಲ್ಲ ತುಟಿಯ ಹತ್ತಿರ ಬಿರುಕು ಬಿಟ್ಟಿತು. ಬೇಸತ್ತು, ನಂಜನಗೂಡಿನ ಪೇಟೆಯಲ್ಲಿ ದೇವರ ಮುಖ ಬಡಿದುಕೊಡುವವರೊಬ್ಬರಿಗೆ ಅಚ್ಚು, ತಗಡು ಎರಡನ್ನೂ ಕೊಟ್ಟು, "ಇದರ ಮೇಲೆ ಹೀಗೇ ಬಡಿದುಕೊಡಿ" ಅಂದೆ. ಆಗಲಿ ಅಂದರು.

ಸ್ವಲ್ಪ ದಿನ ಬಿಟ್ಟು ಹೋದೆ. ಸಂಜೆ, ಕರೆಂಟು ಹೋಗಿತ್ತು. ಅಂಗಡಿಯೊಳಗೆ ಒಂದು ಸೀಮೆಣ್ಣೆ ದೀಪ. ಗೋಡೆ ತುಂಬಾ ಹಿತ್ತಾಳೆಯ ಮುಖಗಳು ತೂಗುಬಿದ್ದು ದೀಪ ಅಲುಗಿದಾಗಲೆಲ್ಲ ಕಣ್ಣು ಹೊರಳಿಸುತ್ತಿದ್ದವು. ಅವುಗಳ ನಡುವೆ ನನ್ನ ಕೌಲಿಂಗನ್ನು ಹುಡುಕಿದೆ. ಕಾಣಲಿಲ್ಲ. ಆದರೆ ಯಾರೋ ನನ್ನನ್ನು ಗುರುತು ಹಿಡಿದು ನೋಡುತ್ತಿದ್ದಾರೆ ಅನ್ನಿಸಿತು. ಮೇಲಕ್ಕೆ ನೋಡಿದೆ. ನನ್ನದೇ. ದೊಡ್ಡ ದೊಡ್ಡ ಎರಡು ಕಣ್ಣು, ಮೂಗು, ಮೂಗಿಗೆ ನತ್ತು. ಸೀಳಿನ ಅಂಚಿಗೆ ಕೆಂಪು ಬಣ್ಣ ಬಳಿದು ತುಟಿ ಮಾಡಿದ್ದರು.

"ಇದೇನು ಮಾಡಿದ್ರಿ!"

"ನೀವು ಬಾಯಿ ಒಂದೇ ಕೊಟ್ಟಿದ್ರಿ ಸಾ" ಅಂದರು ಅವರು. "ಬಾಯಿ ಐತೆ, ಕಣ್ಣಿಲ್ಲ. ಅದನ್ನ ಬೆನ್ನಿಂದೆ ಇಟ್ಕೊಂಡು ನಾನು ಎಂಗೆ ಕೆಲಸ ಮಾಡ್ಲಿ? ಏನು ತಿಂತಾ ಇದೀನಿ ಅಂತ ಅದಕ್ಕೇ ಕಾಣಕಿಲ್ವಲ್ಲ!"

"ಅಳಿಸಿಬಿಡಿ."

"ಒಂದ್ಸಲ ಕಣ್ಣು ಬುಟ್ಟ ಮ್ಯಾಕೆ ಮುಚ್ಚಕ್ಕಾಗಕಿಲ್ಲ ಸಾ."

ಮೂಗು ಎಬ್ಬಿಸುವಾಗ ನನ್ನ ಮರದ ಅಚ್ಚು ಎರಡು ಹೋಳಾಗಿತ್ತು. ಆ ಮುಖವನ್ನು ಅಲ್ಲೇ ಬಿಟ್ಟು, ದುಃಖದಲ್ಲಿ ಮನೆಗೆ ಬಂದೆ. ಹೊಸ ಅಚ್ಚು ಮಾಡಿದೆ. ಆದರೆ ಆ ಮೊದಲಿನ ದುಂಡು ನನ್ನ ಕೈಗೆ ಮತ್ತೆ ಬರಲೇ ಇಲ್ಲ.

ಮುಂದೆ ಯಾವಾಗಲೋ ಕವಲಂದೆ ಕಡೆ ಒಂದು ಮದುವೆಗೆ ಹೋಗುವಾಗ, ದಾರಿ ಪಕ್ಕ ಬೇವಿನ ಮರದಡಿ ಒಂದು ಪುಟ್ಟ ಗುಡಿ ಕಂಡಿತು. ಬಸ್ಸಿನ ಕಿಟಕಿಯಿಂದ ನೋಡಿದೆ. ಒಳಗಿನಿಂದ ಅಮ್ಮನೂ ನನ್ನನ್ನು ನೋಡಿದಳು. ನತ್ತು, ಕೆಂಪು ತುಟಿ, ಕೆನ್ನೆಯ ಆ ದುಂಡು. ಇಳಿದುಬಿಟ್ಟೆ.

ಮಟಮಟ ಮಧ್ಯಾಹ್ನ, ಸುತ್ತ ನರಪಿಳ್ಳೆ ಇಲ್ಲ. ಬೇವಿನ ಎಲೆ ಕೂಡ ಅಲುಗುತ್ತಿರಲಿಲ್ಲ. ಕೈ ಮುಗಿದು, ತಪ್ಪಾಯಿತು ತಾಯಿ ಅಂತ ಹೇಳಿ, ಡಿವೈಡರ್ ತೆಗೆದು ಅಮ್ಮನ ತುಟಿಗೆ ಹಿಡಿದೆ. ಇನ್ನೇನು ಕೆನ್ನೆಗೆ ಬರಬೇಕು, ಹಿಂದಿನಿಂದ ದನಿ ಬಂತು.

"ಏನ್ ಮಾಡ್ತಾ ಇದೀರಿ?"

ಪೂಜಾರಿ. ಕೈಯಲ್ಲಿ ಕಾಯಿ ಹೊಡೆಯುವ ಮಚ್ಚು. "ಅಮ್ಮನಿಗೆ... ಕವಚ ಮಾಡಿಸೋಣ ಅಂತ... ಹರಕೆ" ಅಂದೆ.

ಪೂಜಾರಿ ಮಚ್ಚು ಕೆಳಗಿಟ್ಟು, ದೀಪ ಎತ್ತಿ ಹಿಡಿದು, "ಸರ್ಯಾಗಿ ತಕ್ಕೊಳಿ. ಎಡಗಡೆ ಕಿವಿ ಅತ್ರ ಒಸಿ ಬಿಗಿ ಆಯ್ತದೆ ಅಂತ ಅಮ್ಮ ಮೊನ್ನೆ ಕನಸಲ್ಲಿ ಯೋಳವ್ಳೆ" ಅಂದ.

ಬಾಯಿ ಬಿಟ್ಟು ಹೇಳಿದ ಮೇಲೆ ಮಾಡದೆ ವಿಧಿಯಿಲ್ಲ. ಒಂದೇ ಅಚ್ಚಿನಲ್ಲಿ ಎರಡು ಬಡಿದೆ, ಅಮ್ಮನಿಗೊಂದು, ವಿಮಾನಕ್ಕೊಂದು. ಅಮ್ಮನದು ಹೇಳಿ ಮಾಡಿಸಿದ ಹಾಗೆ ಕೂತಿತು. ವಿಮಾನದ್ದು ಎಡಗಡೆ ಒಸಿ ಬಿಗಿಯಾಯಿತು. ಕಿವಿ ಹತ್ತಿರ.

ನುಗ್ಗೆ ಮರದಲ್ಲಿ ಅತ್ತೆ

ಮೂತಿಗೆ ಬಣ್ಣ ಹೊಡೆದು ಒಣಗಲಿ ಅಂತ ಹಿತ್ತಲಿನ ನುಗ್ಗೆ ಮರಕ್ಕೆ ತಂತಿಯಲ್ಲಿ ಕಟ್ಟಿ ತೂಗುಹಾಕಿದೆ. ಆಷಾಢದ ಗಾಳಿ. ಕಪಿಲೆ ಕಡೆಯಿಂದ ಬೀಸಲು ಶುರುವಾದರೆ ನಿಲ್ಲುತ್ತಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಹಿತ್ತಲಿನಿಂದ ಒಂದು ದನಿ ಕೇಳಿಸಿತು. ಹೆಂಗಸಿನ ದನಿ. ಊ... ಅಂತ ಕೆಳಗಿನಿಂದ ಶುರುವಾಗಿ ಮೇಲಕ್ಕೆ ಹೋಗಿ, ಅಲ್ಲಿ ಸ್ವಲ್ಪ ನಡುಗಿ ನಿಂತುಬಿಡುತ್ತಿತ್ತು. ಅಳುವನ್ನು ಅರ್ಧಕ್ಕೇ ನುಂಗಿದ ಹಾಗೆ.

ನನ್ನ ಹೆಂಡತಿ ಊದಿನಕಡ್ಡಿ ಹಿಡಿದವಳು ಹಾಗೇ ನಿಂತಳು. "ಏನ್ರೀ ಅದು?"

ನನಗೂ ತಕ್ಷಣ ಹೊಳೆಯಲಿಲ್ಲ. ಇಬ್ಬರೂ ಹೋಗಿ ಹಿತ್ತಲ ಬಾಗಿಲು ತೆರೆದೆವು. ಮಸುಕು ಬೆಳಕಿನಲ್ಲಿ ಮರದಿಂದ ಒಂದು ದುಂಡನೆಯ ಮುಖ ನೇತಾಡುತ್ತಾ, ಬಾಯಿ ತೆರೆದು, ನಿಧಾನವಾಗಿ ನಮ್ಮ ಕಡೆ ತಿರುಗಿತು. ನಾನೇ ಕಟ್ಟಿದ್ದೆ, ನಾನೇ ಬಣ್ಣ ಹೊಡೆದಿದ್ದೆ. ಆದರೂ ಒಂದು ಹೆಜ್ಜೆ ಹಿಂದೆ ಹಾಕಿದೆ. ಗಾಳಿ ಅದರ ಸೀಳಿನೊಳಗೆ ನುಗ್ಗಿ ಸದ್ದು ಮಾಡುತ್ತಿತ್ತು, ಅಷ್ಟೇ.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಗೋಡೆಯಾಚೆ ಬಂದು ನಿಂತಿದ್ದರು. ಮುಖ ಬಿಳಿಚಿಕೊಂಡಿತ್ತು. ಅವರ ಅತ್ತೆ ತೀರಿಹೋಗಿ ವರ್ಷ ಕಳೆದಿರಲಿಲ್ಲ.

"ನಮ್ಮತ್ತೆ" ಅಂದರು. "ಆಗಿನಿಂದ ಕೇಳಿಸ್ತಿದೆ. ನಾನು ಕಾಫಿಗೆ ಸಕ್ಕರೆ ಕಮ್ಮಿ ಹಾಕಿದಾಗ ಅವರು ಹೀಗೇ ಅನ್ನೋರು."

"ಅಯ್ಯೋ ಅತ್ತೆಯೂ ಅಲ್ಲ, ಯಾರೂ ಅಲ್ಲ. ನೋಡಿ" ಅಂತ ಮೂತಿ ಬಿಚ್ಚಿ ಕೈಗೆ ತಂದೆ. ದನಿ ನಿಂತಿತು. ಮತ್ತೆ ತೂಗುಹಾಕಿದೆ. ಊ... ಅಂತ ಶುರುವಾಯಿತು. ಅವರು ಒಳಗೆ ಹೋದರು. ನನಗೋ ಸಂಕಟ. ಬೀದಿಯಲ್ಲಿ ಆಗಲೇ ನಮ್ಮ ಮನೆಯಲ್ಲಿ ಏನೋ ಮಾಟ ನಡೆಯುತ್ತದೆ ಅಂತ ಗುಸುಗುಸು ಇತ್ತು. ಮನೆ ಮಾಲೀಕರ ಕಿವಿಗೆ ಬಿದ್ದರೆ ಖಾಲಿ ಮಾಡಿ ಅನ್ನುತ್ತಾರೆ. ಮೂತಿಯನ್ನು ಒಳಗೆ ತಂದು ಹಾಸಿಗೆ ಬೀರುವಿನಲ್ಲಿ ಬಚ್ಚಿಟ್ಟೆ.

ಮಾರನೇ ಸಂಜೆ ಪಕ್ಕದ ಮನೆಯಾಕೆಯೇ ಬಾಗಿಲು ತಟ್ಟಿದರು. ಖಾಲಿ ಮಾಡಿಸಲು ಬಂದರೇನೋ ಅಂತ ನಾವು ಗಾಬರಿಯಾದೆವು. ಅವರು ಸೆರಗು ಹೊದ್ದು, ದನಿ ತಗ್ಗಿಸಿ, "ಮೇಷ್ಟ್ರೇ, ಅದನ್ನ ಒಂದು ಗಳಿಗೆ ಮರಕ್ಕೆ ಕಟ್ತೀರಾ? ನಮ್ಮ ಯಜಮಾನ್ರು ಇಸ್ಪೀಟು ಆಡೋಕೆ ಹೊರಟಿದಾರೆ. ನಾನು ಹೇಳಿದ್ರೆ ಕೇಳಲ್ಲ. ಅವರಮ್ಮ ಹೇಳಿದ್ರೆ ಕೇಳ್ತಾರೆ" ಅಂದರು.

ಸಂಗಮಕ್ಕೆ ಹೋದದ್ದು

ಎಡಗಡೆಯ ಬಿಗಿ ಸರಿಮಾಡಲು ಮೂತಿಯನ್ನು ವರ್ಕ್‌ಶಾಪಿಗೆ ಒಯ್ಯಬೇಕಾಗಿತ್ತು. ಬಣ್ಣ ಕೆರೆಯದಿರಲಿ ಅಂತ ನನ್ನ ಹೆಂಡತಿ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಗಂಟು ಹಾಕಿದಳು. ಶುಕ್ರವಾರ, ಈ ಸಲವಾದರೂ ಒಳ್ಳೇದಾಗಲಿ ಅಂತ ಗಂಟಿಗೆ ಅರಿಶಿನ ಕುಂಕುಮವನ್ನೂ ಹಚ್ಚಿದಳು. ಅದನ್ನು ತೊಡೆಯ ಮೇಲಿಟ್ಟುಕೊಂಡು ನರಸೀಪುರದ ಬಸ್ಸಿನಲ್ಲಿ ಕೂತೆ.

ನರಸೀಪುರಕ್ಕೆ ಬೆಳಗಿನ ಬಸ್ಸಿನಲ್ಲಿ ಬಿಳಿ ಬಟ್ಟೆಯ ಗಂಟು ತಂದವರು ಎಲ್ಲಿಗೆ ಹೋಗುತ್ತಾರೆ ಅಂತ ಈ ಕಡೆಯವರಿಗೆಲ್ಲ ಗೊತ್ತು. ಸಂಗಮದಲ್ಲಿ ಬೂದಿ ಬಿಡಲು. ನನಗೆ ಅದು ಹೊಳೆಯಲೇ ಇಲ್ಲ. ಪಕ್ಕದವನು ಎದ್ದು ಬೇರೆ ಕಡೆ ಹೋದ. ಮುಂದಿನ ಸೀಟಿನವರು ಮಕ್ಕಳನ್ನು ಹತ್ತಿರ ಎಳೆದುಕೊಂಡರು. ಇಡೀ ಬಸ್ಸು ಮೆಲ್ಲನೆ ಮಾತು ನಿಲ್ಲಿಸಿತು. ಹಿಂದಿನ ಸೀಟಿನ ಮುದುಕರೊಬ್ಬರು ಬಗ್ಗಿ, ಗಂಟಿಗೆ ಕೈ ಮುಗಿದು, "ಬಾಳಾ ವಯಸ್ಸಾಗಿತ್ತಾ?" ಅಂದರು.

ಯಾರೋ ವಿಮಾನದ ವಿಷಯ ಗೊತ್ತಿರುವವರು ಅಂದುಕೊಂಡು ನಾನು ಉತ್ಸಾಹದಿಂದ, "ಊಂ, ಮೊದಲನೇ ಮಹಾಯುದ್ಧದ ಕಾಲದ್ದು" ಅಂದೆ.

"ಅಬ್ಬಾ! ಗಟ್ಟಿ ಜೀವ. ಕೊನೇಲಿ ತೊಂದ್ರೆ ಆಯ್ತಾ?"

"ಬಾಯಿ ಹತ್ರ ಬಿರುಕು ಬಿಡ್ತಾನೇ ಇತ್ತು. ಎಷ್ಟು ಬಡಿದ್ರೂ ಸರಿಹೋಗ್ಲಿಲ್ಲ."

ಮುದುಕರು ನನ್ನಿಂದ ದೂರ ಸರಿದು ಕೂತರು.

ದಾರಿಯಲ್ಲಿ ರಶ್ಶಾಯಿತು. ಕಂಡಕ್ಟರು ಬಂದು ಬಹಳ ಮರ್ಯಾದೆಯಿಂದ ಗಂಟನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಡ್ರೈವರ್ ಪಕ್ಕದ ಎಂಜಿನ್ ಮುಚ್ಚಳದ ಮೇಲೆ ಇಟ್ಟರು. ಅಲ್ಲಿ ಆಗಲೇ ಇನ್ನೊಂದು ಬಿಳಿ ಗಂಟು ಕೂತಿತ್ತು. ಅದರ ಹತ್ತಿರ ತಲೆ ಬೋಳಿಸಿಕೊಂಡ ಒಬ್ಬಾತ ಕಂಬಿ ಹಿಡಿದು ನಿಂತಿದ್ದ. ಎರಡು ಗಂಟೂ ಬಸ್ಸಿನ ಕುಲುಕಿಗೆ ಒಂದಕ್ಕೊಂದು ತಾಗುತ್ತಾ, ಏನೋ ಮಾತಾಡಿಕೊಳ್ಳುವ ಹಾಗೆ ಟಕಟಕ ಅನ್ನುತ್ತಾ ನರಸೀಪುರಕ್ಕೆ ಬಂದವು.

ವರ್ಕ್‌ಶಾಪಿನಲ್ಲಿ ಗಂಟು ಬಿಚ್ಚಿದವರು ಫಿಟ್ಟರ್ ಮೇಷ್ಟ್ರು. ಒಳಗೆ ಒಂದು ಮಣ್ಣಿನ ಕುಡಿಕೆ. ಅವರು ಮುಚ್ಚಳ ತೆಗೆದು, ಒಂದು ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜಿ ನೋಡಿ, "ಒಳ್ಳೇ ಪಾಲಿಶ್ ಪುಡಿ ಕಣ್ರೀ, ಎಲ್ಲಿ ಸಿಕ್ತು?" ಅಂದರು. ಆಮೇಲೆ ಪುಡಿಯೊಳಗೆ ಒಂದು ದವಡೆ ಹಲ್ಲು ಕಂಡಿತು. ಅವರು ಬೆರಳನ್ನು ಎಲ್ಲಿ ಒರೆಸುವುದು ಅಂತ ಗೊತ್ತಾಗದೆ ಮೇಲಕ್ಕೇ ಎತ್ತಿ ಹಿಡಿದುಕೊಂಡಿದ್ದರು.

ಸ್ಕೂಟರಿನಲ್ಲಿ ಸಂಗಮಕ್ಕೆ ಓಡಿದೆವು. ನಾನು ಹಿಂದೆ, ಕುಡಿಕೆ ಎದೆಗೊತ್ತಿಕೊಂಡು, ದಾರಿಯುದ್ದಕ್ಕೂ ಕ್ಷಮಿಸಿ, ಕ್ಷಮಿಸಿ ಅಂತ ಅದಕ್ಕೆ ಹೇಳುತ್ತಾ. ನದಿ ದಡದಲ್ಲಿ ಆ ಬೋಳುತಲೆಯವನು ಮಂಡಿಯೂರಿ ಕೂತಿದ್ದ. ಪುರೋಹಿತರು ಅವನ ತಂದೆಯ ಹೆಸರು ಹೇಳಿ ಮಂತ್ರ ಮುಗಿಸುತ್ತಿದ್ದರು. ಬಿಚ್ಚದ ಗಂಟಿನ ಮೇಲೆ ಹಾಲು, ತುಳಸಿ, ಹೂವು. ಆತ ಅದನ್ನು ಎತ್ತಿಕೊಂಡು ನೀರಿಗೆ ಇಳಿದೇಬಿಟ್ಟ.

"ನಿಲ್ಲಿ! ನಿಮ್ಮ ತಂದೆ ಇಲ್ಲಿದಾರೆ!" ಅಂತ ಕೂಗಿದೆ.

ಆತ ತಿರುಗಿದ. ಮುಖದಲ್ಲಿ ರಕ್ತವಿರಲಿಲ್ಲ. ನನ್ನ ಸುತ್ತ ಗಾಳಿಯಲ್ಲಿ ತಂದೆಯನ್ನು ಹುಡುಕಿದ. ಫಿಟ್ಟರ್ ಮೇಷ್ಟ್ರು ನೀರಿಗಿಳಿದು ನಡೆದದ್ದನ್ನು ಹೇಳಿ ಗಂಟುಗಳನ್ನು ಬದಲಾಯಿಸಿದರು. ಆತ ಕುಡಿಕೆಯನ್ನು ತಬ್ಬಿಕೊಂಡು ಅತ್ತ. ಆಮೇಲೆ, "ಕೈಗೆ ಅಗುರವಾಗಿತ್ತು ಸಾ. ಪಾಪ ಕರಗೋದ್ಮೇಲೆ ಅಪ್ಪ ಅಗುರ ಆಗವ್ರೆ ಅನ್ಕಂಡೆ" ಅಂದ.

ನಾನು ಮೂತಿ ಎತ್ತಿಕೊಂಡು ಹೊರಟರೆ ಪುರೋಹಿತರು ದಾರಿಗೆ ಅಡ್ಡ ನಿಂತರು. ಕೋಪವಲ್ಲ, ನಿಜವಾದ ಭಯ. "ಅದನ್ನ ಮನೆಗೆ ತಗೊಂಡು ಹೋಗ್ಬೇಡಿ. ಅದಕ್ಕೆ ನಾನು ಪೂರ್ತಿ ಮಂತ್ರ ಹೇಳಿಬಿಟ್ಟಿದೀನಿ. ಇನ್ನು ಅದು ಭೂಮಿ ಮೇಲೆ ಇರೋ ಹಾಗಿಲ್ಲ, ಮೇಲಕ್ಕೆ ಹೋಗ್ಲೇಬೇಕು."

"ಸ್ವಾಮಿ, ಇಷ್ಟು ವರ್ಷದಿಂದ ನಾನು ಒದ್ದಾಡ್ತಿರೋದೂ ಅದಕ್ಕೇ" ಅಂದೆ.

ಹಾಲು-ತುಪ್ಪದ ದಿನ

ಆ ವಿಮಾನ ಈಗ ಎಲ್ಲಿದೆ ಅಂತ ಯಾರಾದರೂ ಕೇಳಿದರೆ, ಬಿಳಿಗೆರೆ ಕಡೆ ಒಂದು ಮನೆಯ ದೇವರ ಗೂಡಿನ ಪಕ್ಕದಲ್ಲಿ, ಹಿರಿಯರ ಫೋಟೋ ಜೊತೆಯಲ್ಲಿ ಅಂತ ಹೇಳುತ್ತೇನೆ. ವಾಪಸ್ಸು ಕೇಳಲು ನನಗೆ ಬಾಯಿ ಬರಲಿಲ್ಲ. ಅದು ಆದದ್ದು ಹೀಗೆ.

ಎರಡು ಸಾವಿರ ಇಸವಿ ದಾಟಿತ್ತು. ಮೂತಿ ಕೊನೆಗೂ ಕೂತಿತ್ತು. ದುಂಡು ದುಂಡಗೆ, ಸೀಳು ಸೀಳಿನ ಹಾಗೆ. ಒಳಗೆ ಪುಟ್ಟ ಎಂಜಿನ್, ಅದಕ್ಕೆ ಸೀಮೆಣ್ಣೆ, ಈಥರ್, ಹರಳೆಣ್ಣೆ ಬೆರೆಸಿದ ಆಹಾರ. ಆಸ್ಪತ್ರೆಯನ್ನೂ ಬಾಣಂತಿ ಕೋಣೆಯನ್ನೂ ಸೇರಿಸಿದ ವಾಸನೆ. ಕೈಯಲ್ಲಿ ಹಿಡಿದು ನಡೆಸುವ ರೇಡಿಯೋ ಪೆಟ್ಟಿಗೆಯನ್ನು ಬೆಂಗಳೂರಿನ ಹಳೇ ಸಹೋದ್ಯೋಗಿಯೊಬ್ಬರು ಕೊಟ್ಟಿದ್ದರು. ಭತ್ತದ ಕೊಯ್ಲು ಮುಗಿದ ಗದ್ದೆ ಹುಡುಕಿಕೊಂಡು ನಾನೂ ಫಿಟ್ಟರ್ ಮೇಷ್ಟ್ರೂ ಬೆಳಿಗ್ಗೆ ಬಿಳಿಗೆರೆ ಹತ್ತಿರ ಹೋದೆವು. ಮಂಜು ಇನ್ನೂ ಎದ್ದಿರಲಿಲ್ಲ. ಕೂಳೆಯ ಮೇಲೆ ಬಿಳಿ ಹೊದ್ದು ಮಲಗಿತ್ತು.

ಫಿಟ್ಟರ್ ಮೇಷ್ಟ್ರು ಬಾಲ ಹಿಡಿದು ಬಿಟ್ಟರು. ವಿಮಾನ ಓಡಿತು, ಕುಪ್ಪಳಿಸಿತು, ಎದ್ದಿತು. ನನ್ನ ಕಣ್ಣಲ್ಲಿ ನೀರು ಬಂತು. ಎದುರಿನಿಂದ ನನ್ನ ತಲೆ ಮೇಲೆ ಬಂದಾಗ ಆ ಮೂತಿ! ಅಸಲಿನ ಮೂತಿಯೇ. ನಿಜವಾದ ವಿಮಾನವೊಂದು ಬಹಳ ದೂರದಲ್ಲಿ ಇರುವ ಹಾಗೆ.

ಆಮೇಲೆ ಅದು ಎಡಕ್ಕೆ ತಿರುಗಿತು. ನಾನು ತಿರುಗಿಸಿರಲಿಲ್ಲ. ಬಲಕ್ಕೆ ಎಳೆದೆ. ಕೇಳಲಿಲ್ಲ. ಪೆಟ್ಟಿಗೆ ಅಲ್ಲಾಡಿಸಿದೆ, ಬಡಿದೆ. ಅದು ತನಗೆ ದಾರಿ ಗೊತ್ತು ಅನ್ನುವ ಹಾಗೆ ನೆಟ್ಟಗೆ ಮಂಜಿನೊಳಗೆ ಹೋಯಿತು.

ಸದ್ದು ಮಾತ್ರ ಸುತ್ತುತ್ತಿತ್ತು. ಒಮ್ಮೆ ಬೆನ್ನಿನ ಹಿಂದೆ, ಒಮ್ಮೆ ಕಿವಿಯ ಪಕ್ಕ. ಸದ್ದಿನ ಹಿಂದೆ ಬದು ಹತ್ತಿ ಇಳಿದು ಓಡಿದೆವು. ಆಗ ಮಂಜಿನೊಳಗಿಂದ ಒಂದು ಗಂಡಸಿನ ದನಿ, "ಬಾರಪ್ಪಾ... ಬಾ... ಇನ್ನೂ ಎಷ್ಟೊತ್ತು ಕಾಯ್ಸೀಯೆ" ಅಂತ ಕರೆಯಿತು.

ಫಿಟ್ಟರ್ ಮೇಷ್ಟ್ರು ಸರಕ್ಕನೆ ನಿಂತರು. "ಯಾರನ್ನ ಕರೀತಿರೋದು?"

ಕಳ್ಳಿ ಬೇಲಿ ಸಂದಿಯಿಂದ ಇಣುಕಿದೆವು. ಆಚೆ ಹೊಲದಲ್ಲಿ ಹೊಸದಾಗಿ ಮಣ್ಣು ಮುಚ್ಚಿದ ಗುಡ್ಡೆ. ಸುತ್ತ ಒಂದು ಮನೆಯವರು ಕೈಮುಗಿದು ನಿಂತಿದ್ದಾರೆ. ತೀರಿಹೋದವರಿಗೆ ಹಾಲು-ತುಪ್ಪ ಬಿಟ್ಟು, ಗುಡ್ಡೆಯ ಮೇಲೆ ಬಾಳೆಲೆಯಲ್ಲಿ ಎಡೆ ಇಕ್ಕಿದ್ದಾರೆ. ಅನ್ನ, ಕೋಳಿ ಸಾರು, ವಡೆ, ಪಕ್ಕದಲ್ಲಿ ಒಂದು ಕಟ್ಟು ಬೀಡಿ. ಕಾಗೆ ಬಂದು ಮು‌ಟ್ಟಬೇಕು. ಮರದ ತುಂಬಾ ಕಾಗೆಗಳು ಕೂತಿವೆ, ಒಂದೂ ಇಳಿಯುತ್ತಿಲ್ಲ. ಕೂಗುತ್ತಲೂ ಇಲ್ಲ. ಸುಮ್ಮನೆ ನೋಡುತ್ತಿವೆ.

ಮಗ ಗುಡ್ಡೆಯ ಮುಂದೆ ಮಂಡಿಯೂರಿದ್ದ. "ಏನಾದ್ರೂ ತಪ್ಪು ಮಾಡಿದ್ರೆ ಒಟ್ಟೆಗಾಕ್ಕೋ ಅಪ್ಪಾಜಿ. ಇಷ್ಟು ಜನದ ಮುಂದೆ ಮುನಿಸ್ಕೋಬ್ಯಾಡ" ಅಂತ ಅಳುತ್ತಿದ್ದ. ನಟನೆಯಲ್ಲ. ನೆಂಟರಲ್ಲಿ ಒಬ್ಬರು ಮೆಲ್ಲನೆ, "ಇಮಾನ ಅತ್ತಿಸ್ಲಾ, ಇಮಾನ ಅತ್ತಿಸ್ಲಾ ಅಂತ ಸಾಯಗಂಟ ಕೇಳ್ದ. ಇವ್ನು ಮುಂದಿನ್ ವರ್ಸ, ಮುಂದಿನ್ ವರ್ಸ ಅಂತಿದ್ದ. ಅದೇ ಕೊರಗು" ಅಂದರು.

ಅದೇ ಗಳಿಗೆಯಲ್ಲಿ ಮೇಲಿನ ಸದ್ದು ನಿಂತಿತು.

ಕಾಗೆಗಳೆಲ್ಲ ಒಮ್ಮೆಲೇ ಎದ್ದು ಹಾರಿದವು. ಅವುಗಳ ನಡುವಿನಿಂದ, ಮಂಜು ಸೀಳಿಕೊಂಡು, ಚೂರೂ ಸದ್ದಿಲ್ಲದೆ ನನ್ನ ವಿಮಾನ ಇಳಿದು ಬಂತು. ಜನರ ತಲೆ ಸವರಿಕೊಂಡು ಬಂದು ಕೂಳೆಗೆ ಚಕ್ರ ಮುಟ್ಟಿಸಿ, ಓಡಿ, ಗುಡ್ಡೆ ಹತ್ತಿ, ಎಡೆಯೊಳಗೆ ಮೂತಿ ಇಟ್ಟು, ಬಾಲ ಮೇಲೆತ್ತಿ ನಿಂತಿತು. ಹಸಿದವನು ಎಲೆಯ ಮೇಲೆ ಬಗ್ಗಿದ ಹಾಗೆ.

ಮಗ "ಅಪ್ಪಾಜೀ!" ಅಂತ ಚೀರಿ ಅಡ್ಡಬಿದ್ದ. ಎಲ್ಲರೂ ಅಡ್ಡಬಿದ್ದರು.

ನಾನು ಬೇಲಿ ದಾಟಲು ಎದ್ದೆ. ಫಿಟ್ಟರ್ ಮೇಷ್ಟ್ರು ನನ್ನ ಅಂಗಿ ಹಿಡಿದು ಎಳೆದು ಕೂರಿಸಿ, "ಸುಮ್ನಿರ್ರೀ! ಈಗ ಹೋಗಿ ಅದು ನಮ್ದು ಅಂದ್ರೆ, ಇಲ್ಲೇ ಪಕ್ಕದಲ್ಲಿ ನಮಗೂ ಎಡೆ ಇಕ್ತಾರೆ" ಅಂದರು. ಅವರು ಹೇಳದಿದ್ದರೂ ನಾನು ಹೋಗುತ್ತಿದ್ದೆನೋ ಇಲ್ಲವೋ. ನೆಲದಿಂದ ತಲೆ ಎತ್ತಿದ ಆ ಮಗನ ಮುಖ ನೋಡಿದ ಮೇಲೆ, ಅದು ನನ್ನದು ಅಂತ ಹೇಳುವುದು ಹೇಗೆ?

ಒಬ್ಬರು ಮಾತ್ರ ಅಡ್ಡಬಿದ್ದಿರಲಿಲ್ಲ. ತೀರಿಹೋದವರ ಹೆಂಡತಿ. ಆಕೆ ಮೆಲ್ಲನೆ ಎದ್ದು, ಮೊಣಕಾಲು ಹಿಡಿದುಕೊಂಡು ಗುಡ್ಡೆಯ ಹತ್ತಿರ ಬಂದು ವಿಮಾನದ ಎದುರು ಕುಕ್ಕರುಗಾಲಲ್ಲಿ ಕೂತರು. ಸೀಳಿನ ತುಂಬಾ ಅನ್ನ ಮೆತ್ತಿಕೊಂಡಿತ್ತು, ಒಂದು ಮೂಲೆಯಲ್ಲಿ ಕೋಳಿಯ ತುಣುಕು. ಗಲ್ಲದಿಂದ ಎಣ್ಣೆ ಇಳಿಯುತ್ತಿತ್ತು. ಆಕೆ ಆ ಮೂತಿಯನ್ನು ಬಹಳ ಹೊತ್ತು ನೋಡಿದರು. ಈಗ ಗೊತ್ತಾಗುತ್ತದೆ, ಈಗ ತಗಡು ಅಂತ ಗೊತ್ತಾಗುತ್ತದೆ ಅಂತ ನಾನು ಬೇಲಿ ಮುಳ್ಳು ಹಿಡಿದುಕೊಂಡು ಕೂತಿದ್ದೆ.

ಆಕೆ ಸೆರಗಿನ ತುದಿ ತೆಗೆದು, ಆ ಮೂತಿಯನ್ನು ನಿಧಾನವಾಗಿ ಒರೆಸುತ್ತಾ, ನೆಂಟರ ಕಡೆ ತಿರುಗಿ ಹೇಳಿದರು:

"ಇವ್ರೇಯ. ಬದುಕಿದ್ದಾಗ್ಲೂ ಇಂಗೇಯ. ಉಂಡ್ಮೇಲೆ ಒಂದಿನಾನಾದ್ರೂ ಬಾಯಿ ಒರುಸ್ಕಂಡಿದ್ರೆ ಕೇಳಿ."